ವಿದ್ಯುತ್, ಶಾಖ, ನೀರು, ಹೈಡ್ರೋಜನ್ ಒಟ್ಟಿಗಿರುವ ಮೈಕ್ರೋಗ್ರಿಡ್: ವೇಳಾಪಟ್ಟಿಯಲ್ಲಿ ಎಲೆಕ್ಟ್ರೊಲೈಸರ್ ಏಕೆ ಓಡುತ್ತಿಲ್ಲ?

ಕಡಲತಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂ.ಟೆಕ್. ಪ್ರಬಂಧಕ್ಕಾಗಿ ನಾನು ಕರಾವಳಿಯ ಒಂದು ವಸತಿ ಕ್ಯಾಂಪಸ್ಸನ್ನು ಕಲ್ಪಿಸಿಕೊಂಡು, ಅದರ ಸ್ವಂತ ಚಿಕ್ಕ ವಿದ್ಯುತ್ ಜಾಲವಾದ ಮೈಕ್ರೋಗ್ರಿಡ್‌ಗೆ ಮರುದಿನದ ವೇಳಾಪಟ್ಟಿ ಹಾಕಿಕೊಡುವ ಗಣಿತ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಕಾಗದದ ಮೇಲಿನ ಈ ಕ್ಯಾಂಪಸ್ಸಿನಲ್ಲಿ 500 ಕಿಲೊವ್ಯಾಟ್ ಸೌರ ಫಲಕಗಳು, 400 ಯೂನಿಟ್ (ಕಿಲೊವ್ಯಾಟ್ ಗಂಟೆ) ಹಿಡಿಸುವ ಬ್ಯಾಟರಿ, ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತಯಾರಿಸುವ, 100 ಕಿಲೊವ್ಯಾಟ್ ಸಾಮರ್ಥ್ಯದ ಕ್ಷಾರೀಯ ಎಲೆಕ್ಟ್ರೊಲೈಸರ್, ಆ ಹೈಡ್ರೋಜನ್ನನ್ನು ಮತ್ತೆ ವಿದ್ಯುತ್ತಾಗಿಸುವ 50 ಕಿಲೊವ್ಯಾಟ್ ಫ್ಯೂಯೆಲ್ ಸೆಲ್ ಮತ್ತು 50 ಕಿಲೊಗ್ರಾಂ ಹೈಡ್ರೋಜನ್ ಹಿಡಿಸುವ ಟ್ಯಾಂಕ್ ಇವೆ. ಹಾಸ್ಟೆಲ್ಲಿನ ಸ್ನಾನಕ್ಕೂ ಅಡುಗೆಮನೆಗೂ ಬೇಕಾದ ಶಾಖವನ್ನು, ಸುತ್ತಲಿನ ಶಾಖವನ್ನು ಎಳೆದುಕೊಡುವ ಹೀಟ್ ಪಂಪ್ ಒದಗಿಸುತ್ತದೆ. ಅದಕ್ಕೆ 20,000 ಲೀಟರಿನ ಬಿಸಿನೀರಿನ ಟ್ಯಾಂಕ್ ಜೋಡಿಸಿದ್ದೇನೆ. ಬೇಸಿಗೆಯಲ್ಲಿ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ ಎಂಬ ಕಾರಣಕ್ಕೆ, ಸಮುದ್ರದ ನೀರನ್ನು ಸಿಹಿ ಮಾಡುವ, ಗಂಟೆಗೆ 10 ಘನ ಮೀಟರ್ ಸಾಮರ್ಥ್ಯದ ಆರ್‌ಒ ಘಟಕವನ್ನೂ 200 ಘನ ಮೀಟರಿನ ಸಂಪನ್ನೂ ಇಟ್ಟುಕೊಂಡಿದ್ದೇನೆ. ದಿನದ ನೀರಿನ ಬೇಡಿಕೆ 100 ಘನ ಮೀಟರ್; ಆರ್‌ಒ ಘಟಕಕ್ಕೆ ಘನ ಮೀಟರಿಗೆ 3.5 ಯೂನಿಟ್ ಖರ್ಚು ಎಂದು ಹಿಡಿದಿದ್ದೇನೆ.

ದರದ ವಿಷಯದಲ್ಲಿ 2023ರ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮಗಳ ಜಾಡನ್ನೇ ಹಿಡಿದು, ಸೌರ ಅವಧಿಯಲ್ಲಿ ಸಾಮಾನ್ಯ ದರಕ್ಕಿಂತ ಶೇ. 20ರಷ್ಟು ಕಡಿಮೆ, ಪೀಕ್ ಅವಧಿಯಲ್ಲಿ ಶೇ. 20ರಷ್ಟು ಹೆಚ್ಚು ಎಂದು ಕೊಟ್ಟಿದ್ದೇನೆ. ಗ್ರಿಡ್‌ನಿಂದ ಖರೀದಿ ಇದೆ, ಗ್ರಿಡ್‌ಗೆ ಮಾರಾಟ ಇಲ್ಲ. ದಿನವನ್ನು 15 ನಿಮಿಷಗಳ 96 ಬ್ಲಾಕ್‌ಗಳಾಗಿ ವಿಂಗಡಿಸಿ, ಒಟ್ಟು ವೆಚ್ಚ ಕನಿಷ್ಠವಾಗುವಂತೆ ಮಿಶ್ರ ಪೂರ್ಣಾಂಕ ರೇಖಾತ್ಮಕ ಪ್ರೋಗ್ರಾಮಿಂಗ್‌ನಲ್ಲಿ ಸಮಸ್ಯೆಯನ್ನು ಬರೆದಿದ್ದೇನೆ. ಬ್ಯಾಟರಿ, ಬಿಸಿನೀರು, ಸಂಪ್, ಹೈಡ್ರೋಜನ್ ಈ ನಾಲ್ಕೂ ಸಂಗ್ರಹಗಳು ದಿನದ ಕೊನೆಗೆ ತಮ್ಮ ಆರಂಭದ ಮಟ್ಟಕ್ಕೆ ಮರಳಬೇಕು ಎಂಬ ನಿರ್ಬಂಧವಿದೆ.

ಸಮಸ್ಯೆಯನ್ನು ಬಿಡಿಸುವ ತಂತ್ರಾಂಶ (ಸಾಲ್ವರ್) ಯಾವ ತಕರಾರೂ ಇಲ್ಲದೆ ಉತ್ತರ ಕೊಡುತ್ತದೆ. ಆದರೆ ಆ ಉತ್ತರದಲ್ಲಿ ಎಲೆಕ್ಟ್ರೊಲೈಸರ್ 96 ಬ್ಲಾಕ್‌ಗಳ ಪೈಕಿ ಒಂದರಲ್ಲಿಯೂ ಓಡುವುದಿಲ್ಲ, ಫ್ಯೂಯೆಲ್ ಸೆಲ್ ಕೂಡ ಓಡುವುದಿಲ್ಲ. ಪ್ರಕಟವಾದ ಲೇಖನಗಳ ಚಿತ್ರಗಳಲ್ಲಿ ಮಧ್ಯಾಹ್ನ ಎಲೆಕ್ಟ್ರೊಲೈಸರ್ ಚೆನ್ನಾಗಿ ಏರಿ, ಸಂಜೆ ಫ್ಯೂಯೆಲ್ ಸೆಲ್ ಅದರ ಜಾಗಕ್ಕೆ ಬರುವುದನ್ನು ನೋಡುತ್ತೇವೆ. ನನ್ನಲ್ಲಿ ಮಾತ್ರ ಹೈಡ್ರೋಜನ್ನಿನ ಗೆರೆ ಸೊನ್ನೆಯ ಮೇಲೆಯೇ ಮಲಗಿದೆ. ಇದು ಮಾದರಿಯ ದೋಷವೇ, ಇಲ್ಲವೇ ಕೊಟ್ಟ ದರಗಳಿಗೆ ಇದೇ ಸರಿಯಾದ ಉತ್ತರವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಲೋಡ್‌ಕರ್ವ್

ಸಾಲ್ವರ್ ಹೇಳುತ್ತಿರುವುದು ಸರಿ. ಕಾಗದ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರೂ ಅದೇ ಉತ್ತರ ಬರುತ್ತದೆ, ಹಾಕಿ ತೋರಿಸುತ್ತೇನೆ.

ಒಂದು ಕಿಲೊಗ್ರಾಂ ಹೈಡ್ರೋಜನ್ ತಯಾರಿಸಲು ಸಹಾಯಕ ಯಂತ್ರಗಳೂ ಸೇರಿದಂತೆ 50ರಿಂದ 55 ಯೂನಿಟ್ ಬೇಕು. 52 ಎಂದು ಹಿಡಿಯೋಣ. ಆ ಒಂದು ಕಿಲೊಗ್ರಾಮಿನಲ್ಲಿ ಕೆಳ ಉಷ್ಣಮೌಲ್ಯದ ಲೆಕ್ಕದಲ್ಲಿ (ಉರಿದಾಗ ಬರುವ ನೀರಾವಿಯಲ್ಲಿನ ಶಾಖವನ್ನು ಬಿಟ್ಟು) ಇರುವ ಶಕ್ತಿ 33.3 ಯೂನಿಟ್. ಫ್ಯೂಯೆಲ್ ಸೆಲ್ ಅದರಲ್ಲಿ ಅರ್ಧವನ್ನು ವಿದ್ಯುತ್ತಾಗಿಸುತ್ತದೆ ಎಂದರೆ ಕೈಗೆ ಬರುವುದು 16.7 ಯೂನಿಟ್. ಹೋಗಿ ಬರುವ ದಕ್ಷತೆ ಶೇ. 32. ಬ್ಯಾಟರಿಯಲ್ಲಿ ಇದೇ ದಕ್ಷತೆ ಶೇ. 85ರಿಂದ 90. ಅಂದರೆ ಅಗ್ಗದ ಹೊತ್ತಿನಲ್ಲಿ ವಿದ್ಯುತ್ತನ್ನು ಕೊಂಡು ದುಬಾರಿ ಹೊತ್ತಿನಲ್ಲಿ ಬಳಸುವುದು ಲಾಭವೋ ನಷ್ಟವೋ ಎಂದು ನೋಡುವಾಗ, ಬ್ಯಾಟರಿಗೆ ಎರಡು ದರಗಳ ಅನುಪಾತ 1.15ರ ಆಸುಪಾಸಿನಲ್ಲಿದ್ದರೆ ಸಾಕು, ಹೈಡ್ರೋಜನ್‌ಗೆ 3.1 ದಾಟಬೇಕು. ನೀವು ಕೊಟ್ಟಿರುವ ದರಗಳಲ್ಲಿ ಪೀಕ್ ದರವನ್ನು ಸೌರ ಅವಧಿಯ ದರದಿಂದ ಭಾಗಿಸಿದರೆ ಬರುವುದು 1.5. ಅದು ಬ್ಯಾಟರಿಗೆ ಧಾರಾಳ, ಹೈಡ್ರೋಜನ್‌ಗೆ ಏನೇನೂ ಸಾಲದು.

ಶಾಖವನ್ನು ಸೇರಿಸಿಕೊಂಡರೆ ಹೈಡ್ರೋಜನ್ ಗೆಲ್ಲುತ್ತದೆ ಎಂಬ ವಾದವನ್ನು ನೀವು ಕೇಳಿರಬಹುದು. ಅದನ್ನೂ ನೋಡೋಣ. ಮೇಲಿನ ಉಷ್ಣಮೌಲ್ಯದ ಲೆಕ್ಕದಲ್ಲಿ (ನೀರಾವಿಯ ಶಾಖವನ್ನೂ ಸೇರಿಸಿ) ಒಂದು ಕಿಲೊಗ್ರಾಂ ಹೈಡ್ರೋಜನ್ನಿನಲ್ಲಿ 39.4 ಯೂನಿಟ್ ಇರುವುದರಿಂದ, ಎಲೆಕ್ಟ್ರೊಲೈಸರಿನಲ್ಲಿ ಶಾಖವಾಗಿ ಹೋಗುವುದು ಸುಮಾರು 12.6 ಯೂನಿಟ್, ಅದರಲ್ಲಿ 8ನ್ನು ಹಿಡಿದುಕೊಳ್ಳಬಹುದು ಎನ್ನೋಣ. ಫ್ಯೂಯೆಲ್ ಸೆಲ್ಲಿನಿಂದ ಇನ್ನೊಂದು 12 ಯೂನಿಟ್ ಶಾಖ ಸಿಗಲಿ. ಒಟ್ಟು 20. ಅನೇಕರು ಇಲ್ಲಿ 16.7ಕ್ಕೆ 20ನ್ನು ಕೂಡಿಸಿ ಶೇ. 70ರ ದಕ್ಷತೆ ಎಂದು ಬರೆದುಬಿಡುತ್ತಾರೆ. ಆದರೆ ನಿಮ್ಮ ಕ್ಯಾಂಪಸ್ಸಿನಲ್ಲಿ ಹೀಟ್ ಪಂಪ್ ಇದೆ. ಅದು ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುತ್ತದೆ ಎಂದಾದರೆ, ಆ 20 ಯೂನಿಟ್ ಶಾಖದ ನಿಜವಾದ ಬೆಲೆ 6.7 ಯೂನಿಟ್ ವಿದ್ಯುತ್ತಿನದು ಮಾತ್ರ. ಹಾಗಾಗಿ 16.7ಕ್ಕೆ 6.7 ಸೇರಿಸಿ 52ರಿಂದ ಭಾಗಿಸಬೇಕು. ಶೇ. 45 ಆಯಿತು. ಬೇಕಾದ ದರದ ಅನುಪಾತ 2.2ಕ್ಕೆ ಇಳಿಯಿತು, ನಿಮ್ಮಲ್ಲಿರುವುದು 1.5. ಹೀಟ್ ಪಂಪ್ ಇಲ್ಲದೆ ನೇರ ವಿದ್ಯುತ್ ಗೀಸರ್ ಇರುವ ಮಾದರಿಗಳಲ್ಲಿ ಹೈಡ್ರೋಜನ್ನಿನ ಶಾಖಕ್ಕೆ ಹೆಚ್ಚು ಬೆಲೆ ಬಂದಂತೆ ಕಾಣುವುದಕ್ಕೆ ಇದೇ ಕಾರಣ. ಅಲ್ಲಿ ಹೋಲಿಕೆಗೆ ಇಟ್ಟುಕೊಂಡ ಯಂತ್ರವೇ ದುಂದಿನದು.

ಇನ್ನು ಲೇಖನಗಳ ಚಿತ್ರಗಳ ವಿಷಯ. ಆ ಮಾದರಿಗಳನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಸಂಗತಿ ಸಿಗುತ್ತದೆ. ಹೈಡ್ರೋಜನ್ ವಾಹನಗಳಿಗೋ ಕಾರ್ಖಾನೆಗೋ ದಿನಕ್ಕೆ ಇಷ್ಟು ಕಿಲೊಗ್ರಾಂ ಕೊಡಲೇಬೇಕು ಎಂಬ ಬೇಡಿಕೆಯನ್ನು ಹೊರಗಿನಿಂದ ಹೇರಿರುತ್ತಾರೆ. ಅಥವಾ ಹೈಡ್ರೋಜನ್ನನ್ನು ನಿಗದಿತ ಬೆಲೆಗೆ ಮಾರಬಹುದು ಎಂದಿರುತ್ತದೆ. ಅಥವಾ ಬ್ಯಾಟರಿಯನ್ನು ಎಷ್ಟು ಚಿಕ್ಕದಾಗಿ ಇಟ್ಟಿರುತ್ತಾರೆ ಎಂದರೆ ಮಧ್ಯಾಹ್ನದ ಬಿಸಿಲು ವ್ಯರ್ಥವಾಗುವುದಲ್ಲದೆ ಬೇರೆ ದಾರಿಯಿರುವುದಿಲ್ಲ. ಮೂರನೆಯ ಸಂದರ್ಭದಲ್ಲಿ ವಿದ್ಯುತ್ತಿನ ಬೆಲೆ ಸೊನ್ನೆಯಾಗುವುದರಿಂದ ಶೇ. 32ರ ದಕ್ಷತೆಯೂ ಲಾಭವೇ. ನಿಮ್ಮಲ್ಲಿ ಆ ಹೆಚ್ಚುವರಿ ಬಿಸಿಲನ್ನು ಬೇರೆ ಎರಡು ಸಂಗ್ರಹಗಳು ಮೊದಲೇ ಕುಡಿದುಬಿಡುತ್ತವೆ.

ಆ ಎರಡರ ಗಾತ್ರವನ್ನು ಒಮ್ಮೆ ನೋಡಿ. 20,000 ಲೀಟರ್ ನೀರನ್ನು 35ರಿಂದ 60 ಡಿಗ್ರಿಗೆ ಏರಿಸಲು ಸುಮಾರು 580 ಯೂನಿಟ್ ಶಾಖ ಬೇಕು, ಹೀಟ್ ಪಂಪಿನ ಮೂಲಕ ಸುಮಾರು 195 ಯೂನಿಟ್ ವಿದ್ಯುತ್. ದಿನದ 100 ಘನ ಮೀಟರ್ ನೀರಿಗೆ 350 ಯೂನಿಟ್. ಈ ಎರಡೂ ಸೇರಿ 545 ಯೂನಿಟ್ ಬೇಡಿಕೆಯನ್ನು ನೀವು ಹಗಲಿನ ಯಾವ ಹೊತ್ತಿಗೆ ಬೇಕಾದರೂ ಸರಿಸಬಹುದು. ಇದು ನಿಮ್ಮ ಬ್ಯಾಟರಿಗಿಂತ ದೊಡ್ಡದು, ಸರಿಸುವುದರಲ್ಲಿ ಆಗುವ ನಷ್ಟ ಟ್ಯಾಂಕಿನಿಂದ ಸೋರುವ ಅಲ್ಪ ಶಾಖ ಮಾತ್ರ, ಟ್ಯಾಂಕು ಮತ್ತು ಸಂಪುಗಳು ಹೇಗಿದ್ದರೂ ಕಟ್ಟಬೇಕಾದವು. ವಿದ್ಯುತ್, ಶಾಖ, ನೀರು, ಹೈಡ್ರೋಜನ್ ಎಂಬ ನಾಲ್ಕು ವಾಹಕಗಳ ಸಂಯೋಜನೆಯಿಂದ ಬರುವ ಉಳಿತಾಯದ ಬಹುಪಾಲು ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಹೈಡ್ರೋಜನ್ ಹೆಸರು ಪ್ರಬಂಧದ ಶೀರ್ಷಿಕೆಗೆ ಕಳೆ ಕೊಡುತ್ತದೆ. ಕೆಲಸ ಮಾಡುವುದು ಸಂಪ್.

ಒಂದು ಪರೀಕ್ಷೆ ಮಾತ್ರ ಮಾಡಿನೋಡಿ. ಸೌರ ವಿದ್ಯುತ್ತನ್ನು ಬಳಸದೆ ಬಿಟ್ಟುಬಿಡುವ ಪ್ರಮಾಣಕ್ಕೆ ಪ್ರತ್ಯೇಕ ಚರಾಕ್ಷರ ಇದೆಯೇ? ಅದಿಲ್ಲದೆ ವಿದ್ಯುತ್ ಸಮತೋಲನವನ್ನು ಕಟ್ಟುನಿಟ್ಟಿನ ಸಮೀಕರಣವಾಗಿ ಬರೆದರೆ, ಹೆಚ್ಚಾದ ವಿದ್ಯುತ್ತನ್ನು ಎಲ್ಲಾದರೂ ಸುಡಬೇಕೆಂದು ಮಾದರಿಯು ಬ್ಯಾಟರಿಯನ್ನು ಒಂದೇ ಬ್ಲಾಕಿನಲ್ಲಿ ತುಂಬಿಸಿ ಖಾಲಿ ಮಾಡುವಂಥ ವಿಚಿತ್ರಗಳನ್ನು ಮಾಡುತ್ತದೆ. ಆ ಚರಾಕ್ಷರವನ್ನು ಸೇರಿಸಿದ ಮೇಲೆ, ದಿನವಿಡೀ ಬಿಟ್ಟುಬಿಟ್ಟ ವಿದ್ಯುತ್ ಎಷ್ಟು ಎಂಬುದೇ ಎಲೆಕ್ಟ್ರೊಲೈಸರಿಗೆ ಕೆಲಸ ಇದೆಯೋ ಇಲ್ಲವೋ ಎಂಬುದರ ಅಳತೆ.

ಸಿಹಿನೀರು

ನಾನು ಗಲ್ಫ್‌ನಲ್ಲಿ ಸಮುದ್ರದ ನೀರಿನ ಆರ್‌ಒ ಘಟಕಗಳ ನಿರ್ವಹಣೆಯಲ್ಲಿ ಇರುವವನು. ಗಣಿತದ ಭಾಗಕ್ಕೆ ಕೈಹಾಕುವುದಿಲ್ಲ. ಯಂತ್ರದ ಕಡೆಯಿಂದ ಕೆಲವು ಮಾತುಗಳು.

ಲೋಡ್‌ಕರ್ವ್ ಅವರು ಆ 350 ಯೂನಿಟ್‌ಗಳನ್ನು ಯಾವ ಹೊತ್ತಿಗೆ ಬೇಕಾದರೂ ಸರಿಸಬಹುದು ಎಂದಿದ್ದಾರೆ. ಹೊತ್ತನ್ನು ಸರಿಸಬಹುದು, ಚೂರು ಮಾಡಲಾಗದು. ಅಧಿಕ ಒತ್ತಡದ ಪಂಪು 55ರಿಂದ 65 ಬಾರ್ ಒತ್ತಡದಲ್ಲಿ ಓಡುತ್ತಿರುತ್ತದೆ. ಅದನ್ನು ಮೋಡ ಬಂದಾಗ ನಿಲ್ಲಿಸಿ ಬಿಸಿಲು ಬಂದಾಗ ಚಾಲೂ ಮಾಡುತ್ತಾ ಹೋದರೆ ಮೆಂಬ್ರೇನ್ ಬಾಳುವುದಿಲ್ಲ. ಪ್ರತಿ ಬಾರಿ ನಿಲ್ಲಿಸಿದಾಗಲೂ ಒಳಗಿರುವ ಗಟ್ಟಿ ಉಪ್ಪುನೀರನ್ನು ಸಿಹಿನೀರಿನಿಂದ ತೊಳೆದು ಹೊರಹಾಕಬೇಕು, ಮತ್ತೆ ಚಾಲೂ ಮಾಡಿದಾಗ ಮೊದಲಿಗೆ ಬರುವ ನೀರನ್ನು ಗುಣಮಟ್ಟ ಸರಿಯಾಗುವ ತನಕ ಚೆಲ್ಲಬೇಕು. ಆದ್ದರಿಂದ ನಿಮ್ಮ ಘಟಕಕ್ಕೆ ‘ಓಡಿದರೆ 35 ಕಿಲೊವ್ಯಾಟ್, ಇಲ್ಲವಾದರೆ ಸೊನ್ನೆ’ ಎಂಬ ಎರಡೇ ಸ್ಥಿತಿಗಳನ್ನು ಕೊಡಿ, ಒಮ್ಮೆ ಚಾಲೂ ಆದರೆ ಕನಿಷ್ಠ ಮೂರು ನಾಲ್ಕು ಗಂಟೆ ಓಡಬೇಕು ಎನ್ನಿ, ದಿನಕ್ಕೆ ಒಂದು ಅಥವಾ ಎರಡು ಆರಂಭಗಳಿಗೆ ಮಿತಿ ಹಾಕಿ.

ಸಂಪಿನ 200 ಘನ ಮೀಟರನ್ನು ಪೂರ್ತಿಯಾಗಿ ಸಂಗ್ರಹವೆಂದು ಬರೆದಿದ್ದರೆ ತಿದ್ದಿಕೊಳ್ಳಿ. ಅಗ್ನಿಶಾಮಕಕ್ಕೆಂದು ಮೀಸಲಿಟ್ಟ ನೀರನ್ನು ಯಾವ ವೇಳಾಪಟ್ಟಿಯೂ ಮುಟ್ಟುವಂತಿಲ್ಲ, ಪಂಪಿನ ಫುಟ್ ವಾಲ್ವ್ ಮುಳುಗಿರುವಷ್ಟು ನೀರು ತಳದಲ್ಲಿ ಉಳಿಯಲೇಬೇಕು. 150ಕ್ಕಿಂತ ಹೆಚ್ಚು ನಿಮ್ಮ ಕೈಗೆ ಸಿಗಲಾರದು. ಬೇಡಿಕೆಯ ರೇಖೆಯನ್ನು ದಿನವಿಡೀ ಸಮವಾಗಿ ಹಂಚಬೇಡಿ. ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಐದೂವರೆಯಿಂದ ಎಂಟೂವರೆಯ ನಡುವೆ ನೀರೂ ಬಿಸಿನೀರೂ ಒಟ್ಟಿಗೆ ಖಾಲಿಯಾಗುತ್ತವೆ, ಆಗಿನ್ನೂ ಬಿಸಿಲು ಬಲಿತಿರುವುದಿಲ್ಲ.

ಹೈಡ್ರೋಜನ್ನಿಗೆ ಬೇಕಾದ ನೀರಿನ ವಿಷಯದಲ್ಲಿ ಎಲ್ಲರೂ ಬಹಳ ಚಿಂತಿಸುತ್ತಾರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಒಂದು ಕಿಲೊಗ್ರಾಮಿಗೆ 9 ಲೀಟರ್. ಶುದ್ಧೀಕರಣದ ನಷ್ಟವನ್ನೆಲ್ಲ ಸೇರಿಸಿ 15 ಲೀಟರ್ ಎಂದು ಧಾರಾಳವಾಗಿ ಹಿಡಿದರೂ, ಅದನ್ನು ಸಮುದ್ರದಿಂದ ತೆಗೆಯಲು ತಗಲುವುದು ಸುಮಾರು 0.05 ಯೂನಿಟ್, 52 ಯೂನಿಟ್ಟಿನ ಮುಂದೆ ಅದು ಸಾವಿರದಲ್ಲೊಂದು ಪಾಲು. ನಿಮ್ಮ ಎಲೆಕ್ಟ್ರೊಲೈಸರ್ ಎಂಟು ಗಂಟೆ ಪೂರ್ಣವಾಗಿ ಓಡಿದರೂ ಕುಡಿಯುವುದು 230 ಲೀಟರ್, ಕ್ಯಾಂಪಸ್ಸಿನ ಬೇಡಿಕೆ ಲಕ್ಷ ಲೀಟರ್. ಪ್ರಮಾಣ ಚಿಕ್ಕದು, ಶುದ್ಧತೆ ಮಾತ್ರ ದೊಡ್ಡದು. ಕುಡಿಯಲು ಯೋಗ್ಯವಾದ ಆರ್‌ಒ ನೀರು ಎಲೆಕ್ಟ್ರೊಲೈಸರಿಗೆ ಯೋಗ್ಯವಲ್ಲ; ಅದರಲ್ಲಿ ಉಳಿದ ಲವಣವನ್ನು ಅಯಾನು ವಿನಿಮಯದಿಂದ ತೆಗೆದು ವಿದ್ಯುತ್ ವಾಹಕತೆಯನ್ನು ಇನ್ನೂ ಬಹಳ ಕೆಳಗಿಳಿಸಬೇಕು. ಅದಕ್ಕೊಂದು ಚಿಕ್ಕ ಪ್ರತ್ಯೇಕ ಟ್ಯಾಂಕ್ ತೋರಿಸಿದರೆ ಸಾಕು, ವೇಳಾಪಟ್ಟಿಯ ಮೇಲೆ ಅದರ ಪ್ರಭಾವ ಇರುವುದಿಲ್ಲ.

ಕಡಲತಡಿ

ಇಬ್ಬರಿಗೂ ಕೃತಜ್ಞತೆಗಳು. ಬಿಟ್ಟುಬಿಟ್ಟ ವಿದ್ಯುತ್ತಿಗೆ ಚರಾಕ್ಷರ ಇದೆ. ಕಾಲೇಜು ನಡೆಯುವ ದಿನಗಳಲ್ಲಿ ಅದು ಸೊನ್ನೆಗೆ ಹತ್ತಿರ. ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗಿ ಬಿಸಿಲು ಜೋರಾಗಿರುವಾಗ ಪ್ರತಿದಿನ ನೂರಾರು ಯೂನಿಟ್ ಬಿಟ್ಟುಹೋಗುತ್ತದೆ. ಆ ದಿನಗಳಲ್ಲಿಯೂ ಎಲೆಕ್ಟ್ರೊಲೈಸರ್ ಓಡುವುದಿಲ್ಲ. ಹೈಡ್ರೋಜನ್ ದಿನದ ಕೊನೆಗೆ ಆರಂಭದ ಮಟ್ಟಕ್ಕೆ ಮರಳಬೇಕು ಎಂಬ ನಿರ್ಬಂಧವೇ ಇದಕ್ಕೆ ಕಾರಣ ಎಂದು ಈಗ ತೋರುತ್ತಿದೆ. ಅಂದು ತಯಾರಿಸಿದ್ದನ್ನು ಅಂದೇ ಸುಡಬೇಕಾದರೆ, ರಾತ್ರಿಯ ಬೇಡಿಕೆಯನ್ನು ಬ್ಯಾಟರಿಯೇ ಪೂರೈಸುವ ಆ ದಿನಗಳಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಆ ನಿರ್ಬಂಧವನ್ನು ತೆಗೆದುಹಾಕಿದರೆ ಫ್ಯೂಯೆಲ್ ಸೆಲ್ ಮೊದಲ ದಿನವೇ ಟ್ಯಾಂಕನ್ನು ಖಾಲಿ ಮಾಡಿಬಿಡುತ್ತದೆ. ರಜೆಯಲ್ಲಿ ತುಂಬಿಸಿ ಮಳೆಗಾಲಕ್ಕೆ ಉಳಿಸಿಕೊಳ್ಳುವಂತೆ ಮಾದರಿಗೆ ಹೇಗೆ ಹೇಳಬೇಕು?

ತಲಕಳಲೆ

ನಿಮ್ಮ ಪ್ರಶ್ನೆ ಜಲವಿದ್ಯುತ್ತಿನವರಿಗೆ ಬಹಳ ಹಳೆಯದು. ಲಿಂಗನಮಕ್ಕಿ ಜಲಾಶಯ ಜೂನ್‌ನಿಂದ ಮಳೆಯ ತಿಂಗಳುಗಳಲ್ಲಿ ತುಂಬುತ್ತದೆ, ಪೂರ್ಣ ಮಟ್ಟ 1,819 ಅಡಿ. ಆ ನೀರನ್ನು ಮುಂದಿನ ಮೇ ತನಕ ಕಾಪಾಡಿಕೊಂಡು 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸಬೇಕು. ನೀರಿಗೆ ಯಾರೂ ಹಣ ಕೊಡುವುದಿಲ್ಲ, ಹಾಗೆಂದು ಅದರ ಬೆಲೆ ಸೊನ್ನೆ ಎಂದು ಬರೆದ ಯಾವ ಮಾದರಿಯೂ ನವೆಂಬರಿನಲ್ಲಿಯೇ ಜಲಾಶಯವನ್ನು ಬರಿದು ಮಾಡುತ್ತದೆ. ಪ್ರತಿದಿನ ಕೊನೆಗೆ ಅದೇ ಮಟ್ಟಕ್ಕೆ ಮರಳಬೇಕು ಎಂದರೆ ಜಲಾಶಯ ಕಟ್ಟಿದ್ದೇ ವ್ಯರ್ಥವಾಗುತ್ತದೆ. ಈ ಎರಡು ತುದಿಗಳ ನಡುವಿನ ದಾರಿ ಎಂದರೆ ಉಳಿಸಿದ ನೀರಿಗೆ ಒಂದು ಮೌಲ್ಯ ಕಟ್ಟುವುದು: ಇಂದು ಬಳಸದೆ ಬಿಟ್ಟ ಒಂದು ಘನ ಮೀಟರ್ ನೀರು ಮುಂದೆ ಬೇಸಿಗೆಯಲ್ಲಿ ಎಷ್ಟು ದುಬಾರಿ ವಿದ್ಯುತ್ತನ್ನು ತಪ್ಪಿಸುತ್ತದೆಯೋ ಅಷ್ಟು. ಬ್ರೆಜಿಲ್ಲಿನ ಜಲಾಶಯಗಳಿಗಾಗಿ ಪೆರೇರಾ ಮತ್ತು ಪಿಂಟೊ 1991ರಲ್ಲಿ ಪ್ರಕಟಿಸಿದ ವಿಧಾನ ಈ ಮೌಲ್ಯವನ್ನು ಮಳೆಯ ಅನಿಶ್ಚಿತತೆಯೊಂದಿಗೆ ಲೆಕ್ಕ ಹಾಕುತ್ತದೆ, ಇಂದಿಗೂ ಬಳಕೆಯಲ್ಲಿದೆ.

ನಿಮ್ಮ ಮಾದರಿಯಲ್ಲಿಯೂ ಇದನ್ನೇ ಎರಡು ಹಂತಗಳಲ್ಲಿ ಮಾಡಿ. ಮೇಲಿನ ಹಂತದಲ್ಲಿ ಇಡೀ ವರ್ಷವನ್ನು ಒರಟಾಗಿ, ವಾರಕ್ಕೆ ಕೆಲವೇ ಪ್ರಾತಿನಿಧಿಕ ಅವಧಿಗಳಂತೆ ತೆಗೆದುಕೊಂಡು, ಆನ್ ಆಫ್ ಚರಾಕ್ಷರಗಳಿಲ್ಲದ ಶುದ್ಧ ರೇಖಾತ್ಮಕ ಸಮಸ್ಯೆಯಾಗಿ ಬಿಡಿಸಿ. ಅದರಲ್ಲಿ ಹೈಡ್ರೋಜನ್ ಸಮತೋಲನದ ಸಮೀಕರಣಕ್ಕೆ ಸಾಲ್ವರ್ ಕೊಡುವ ದ್ವೈತ ಮೌಲ್ಯವೇ (ಒಂದು ಕಿಲೊಗ್ರಾಂ ಹೆಚ್ಚು ಸಿಕ್ಕರೆ ಒಟ್ಟು ವೆಚ್ಚ ಎಷ್ಟು ಇಳಿಯುತ್ತದೆ ಎಂಬುದು) ಆ ವಾರಕ್ಕೆ ಒಂದು ಕಿಲೊಗ್ರಾಂ ಹೈಡ್ರೋಜನ್ನಿನ ಬೆಲೆ. ಕೆಳಗಿನ ಹಂತದಲ್ಲಿ ನಿಮ್ಮ 96 ಬ್ಲಾಕ್‌ಗಳ ದಿನ ಹಾಗೆಯೇ ಇರಲಿ. ಹೈಡ್ರೋಜನ್ ಮೇಲಿನ ದಿನಾಂತ್ಯದ ನಿರ್ಬಂಧವನ್ನು ತೆಗೆದು, ಟ್ಯಾಂಕಿನಲ್ಲಿ ಉಳಿದ ಪ್ರತಿ ಕಿಲೊಗ್ರಾಮಿಗೂ ಆ ಬೆಲೆಯಷ್ಟು ಹಣವನ್ನು ಒಟ್ಟು ವೆಚ್ಚದಿಂದ ಕಳೆಯಿರಿ. ಬ್ಯಾಟರಿ ಮತ್ತು ಬಿಸಿನೀರಿಗೆ ದಿನಾಂತ್ಯದ ನಿರ್ಬಂಧವೇ ಸಾಕು, ಏಕೆಂದರೆ ಅವುಗಳ ಚಕ್ರ ನಿಜಕ್ಕೂ ದಿನದ್ದು.

ಆದರೆ ಮಳೆಗಾಲಕ್ಕೆ ಉಳಿಸುವ ಕನಸು ಕಾಣುವ ಮೊದಲು ಟ್ಯಾಂಕಿನ ಗಾತ್ರವನ್ನು ನೋಡಬೇಕು. 50 ಕಿಲೊಗ್ರಾಂ ಹೈಡ್ರೋಜನ್ ಎಂದರೆ ಫ್ಯೂಯೆಲ್ ಸೆಲ್ಲಿನಿಂದ ಬರುವುದು ಸುಮಾರು 835 ಯೂನಿಟ್, ನಿಮ್ಮ ಬ್ಯಾಟರಿಯನ್ನು ಎರಡು ಸಲ ತುಂಬಿಸಿದಷ್ಟು. ಕ್ಯಾಂಪಸ್ಸಿಗೆ ದಿನಕ್ಕೆ 1,500 ಯೂನಿಟ್ ಬೇಕು, ಮಳೆಗಾಲದ 60 ದಿನಗಳಲ್ಲಿ ಶೇ. 30ರಷ್ಟು ಕೊರತೆ ಬೀಳುತ್ತದೆ ಎಂದಿಟ್ಟುಕೊಂಡರೆ ಒಟ್ಟು ಕೊರತೆ 27,000 ಯೂನಿಟ್. ಅದನ್ನು ತುಂಬಲು 1,600 ಕಿಲೊಗ್ರಾಮಿಗೂ ಹೆಚ್ಚು ಹೈಡ್ರೋಜನ್ ಬೇಕು. 150 ಬಾರ್ ಒತ್ತಡದಲ್ಲಿ 47 ಲೀಟರಿನ ಒಂದು ಸಿಲಿಂಡರಿನಲ್ಲಿ ಹಿಡಿಯುವುದು ಅರ್ಧ ಕಿಲೊಗ್ರಾಮಿಗಿಂತ ತುಸು ಹೆಚ್ಚು. ಸುಮಾರು 3,000 ಸಿಲಿಂಡರ್‌ಗಳನ್ನು ಹಾಸ್ಟೆಲ್ಲಿನ ಹಿತ್ತಲಿನಲ್ಲಿ ಜೋಡಿಸಿಡಲು ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಮುಂದೆ ಯಾವ ಅರ್ಜಿ ಹಾಕುತ್ತೀರಿ ಎಂಬುದನ್ನು ನೀವೇ ಯೋಚಿಸಿ. ಗ್ರಿಡ್ ಇರುವ ಜಾಗದಲ್ಲಿ ಆ ಕೊರತೆಯನ್ನು ಗ್ರಿಡ್ಡೇ ತುಂಬಲಿ. ನಿಮ್ಮ ಟ್ಯಾಂಕಿಗೆ ತಕ್ಕ ಕೆಲಸ ವಾರದ ಮಟ್ಟದ್ದು. ಭಾನುವಾರದ ಹೆಚ್ಚುವರಿಯನ್ನು ಮೋಡದ ಬುಧವಾರಕ್ಕೆ ದಾಟಿಸುವುದು.

ಉತ್ತರದಿಕ್ಕು

ನಾರ್ವೆಯಲ್ಲಿರುವ ಕನ್ನಡಿಗ. ತಲಕಳಲೆ ಅವರು ಹೇಳಿದ ಗಾತ್ರದ ಮಾತಿಗೆ ಇಲ್ಲಿಂದ ಒಂದು ಉದಾಹರಣೆ. ಇಲ್ಲಿನ ಉತ್ಸಿರಾ ದ್ವೀಪದಲ್ಲಿ 2004ರಲ್ಲಿ ಗಾಳಿ ಮತ್ತು ಹೈಡ್ರೋಜನ್ ಜೋಡಿಸಿದ ಪ್ರಾಯೋಗಿಕ ವ್ಯವಸ್ಥೆಯೊಂದನ್ನು ಆರಂಭಿಸಿದರು. ಅದು ನಡೆಸುತ್ತಿದ್ದುದು ಹತ್ತು ಮನೆಗಳನ್ನು. ಎಲೆಕ್ಟ್ರೊಲೈಸರಿನ ಸಾಮರ್ಥ್ಯ 48 ಕಿಲೊವ್ಯಾಟ್. ಹೈಡ್ರೋಜನ್ ಸಂಗ್ರಹವನ್ನು ಕಟ್ಟಿದ್ದು ಗಾಳಿಯಿಲ್ಲದ ಎರಡು ದಿನಗಳ ಮಟ್ಟಿಗೆ. ಗಾಳಿಗೆ ಕೊರತೆಯೇ ಇಲ್ಲದ ಸಮುದ್ರದ ನಡುವೆ ಕೂಡ ಅವರು ಋತುವಿನ ಲೆಕ್ಕಕ್ಕೆ ಕೈಹಾಕಲಿಲ್ಲ.

ಭಾರತದಲ್ಲಿ ಎನ್‌ಟಿಪಿಸಿ 2021ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಬಳಿಯ ಸಿಂಹಾದ್ರಿಗೆ ಘೋಷಿಸಿದ ಮೈಕ್ರೋಗ್ರಿಡ್ಡಿನ ಅಂಕಿಗಳೂ ಓದಲು ಯೋಗ್ಯವಾಗಿವೆ: ಹಗಲಿನ ಸೌರ ವಿದ್ಯುತ್ತಿನಲ್ಲಿ ಓಡುವ 240 ಕಿಲೊವ್ಯಾಟ್ ಎಲೆಕ್ಟ್ರೊಲೈಸರ್, ಸಂಜೆ 5ರಿಂದ ಬೆಳಿಗ್ಗೆ 7ರ ತನಕ ನಡೆಯುವ 50 ಕಿಲೊವ್ಯಾಟ್ ಫ್ಯೂಯೆಲ್ ಸೆಲ್. ತುಂಬಿಸುವ ಯಂತ್ರ ಖಾಲಿ ಮಾಡುವ ಯಂತ್ರದ ಸುಮಾರು ಐದು ಪಟ್ಟು. ಹಗಲಿನ ಐದಾರು ಗಂಟೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ದಾರಿಯಲ್ಲಿ ಕಳೆದುಕೊಂಡು, ಹದಿನಾಲ್ಕು ಗಂಟೆಯ ರಾತ್ರಿಗೆ ಸಾಕಾಗುವಷ್ಟು ಕೂಡಿಡಬೇಕಾದರೆ ಅಷ್ಟು ಬೇಕೇ ಬೇಕು. ಕಡಲತಡಿ ಅವರ ಮಾದರಿಯಲ್ಲಿ ಈ ಅನುಪಾತ ಎರಡು ಮಾತ್ರ. ಫ್ಯೂಯೆಲ್ ಸೆಲ್ ದೊಡ್ಡದಾಯಿತು ಎಂದು ನನ್ನ ಅನಿಸಿಕೆ.

ಲೋಡ್‌ಕರ್ವ್

ಹೈಡ್ರೋಜನ್ನಿನ ಬೆಲೆ ಎಷ್ಟಾಗುತ್ತದೆ ಎಂಬುದು ಅದು ಯಾವುದನ್ನು ತಪ್ಪಿಸುತ್ತದೆ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ಇನ್ನೊಂದು ಲೆಕ್ಕ. ಗ್ರಿಡ್ ಇಲ್ಲದ ಜಾಗದಲ್ಲಿ ಹೈಡ್ರೋಜನ್ ತಪ್ಪಿಸುವುದು ಡೀಸೆಲ್ಲನ್ನು. ಜನರೇಟರ್ ಲೀಟರಿಗೆ 3.5 ಯೂನಿಟ್ ಕೊಡುತ್ತದೆ ಎಂದರೆ, ಒಂದು ಕಿಲೊಗ್ರಾಂ ಹೈಡ್ರೋಜನ್ನಿನ 16.7 ಯೂನಿಟ್ಟಿಗೆ ಸುಮಾರು 4.8 ಲೀಟರ್ ಡೀಸೆಲ್ ಉಳಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಸುಮಾರು 430 ರೂಪಾಯಿ. ಗ್ರಿಡ್ ಇರುವಲ್ಲಿ ಅದೇ 16.7 ಯೂನಿಟ್ಟನ್ನು ಯೂನಿಟ್ಟಿಗೆ 8 ರೂಪಾಯಿಯಂತೆ ಕೊಂಡರೂ 135 ರೂಪಾಯಿ ದಾಟುವುದಿಲ್ಲ. ಎನ್‌ಟಿಪಿಸಿ ಲಡಾಖಿನ ಚುಶೂಲಿನಲ್ಲಿ, 4,400 ಮೀಟರ್ ಎತ್ತರದಲ್ಲಿ, ಸೇನೆಗೆ ವರ್ಷವಿಡೀ 200 ಕಿಲೊವ್ಯಾಟ್ ಕೊಡುವ ಸೌರ ಹೈಡ್ರೋಜನ್ ಮೈಕ್ರೋಗ್ರಿಡ್ಡನ್ನು ಕೈಗೆತ್ತಿಕೊಂಡಿರುವುದು ಈ ಕಾರಣದಿಂದ ಅರ್ಥವಾಗುತ್ತದೆ: ಅಲ್ಲಿ ಡೀಸೆಲ್ಲಿನ ಬೆಲೆಗೆ ಬೆಟ್ಟ ಹತ್ತಿಸುವ ಖರ್ಚೂ ಸೇರುತ್ತದೆ, ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವಲ್ಲಿ ಯಂತ್ರಗಳಿಂದ ಸಿಗುವ ಒಂದೊಂದು ಯೂನಿಟ್ ಶಾಖಕ್ಕೂ ಪೂರ್ತಿ ಬೆಲೆ ಇರುತ್ತದೆ, ಅಂಥ ಚಳಿಯಲ್ಲಿ ಹೀಟ್ ಪಂಪಿನ ಮೂರರ ಅನುಪಾತವೂ ಉಳಿಯುವುದಿಲ್ಲ. ನಿಮ್ಮ ಸಮೀಕರಣಗಳನ್ನು ಒಂದಕ್ಷರವೂ ಬದಲಿಸದೆ ದತ್ತಾಂಶವನ್ನು ಮಾತ್ರ ಅಲ್ಲಿನದಾಗಿಸಿ ಓಡಿಸಿದರೆ ಎಲೆಕ್ಟ್ರೊಲೈಸರ್ ಓಡುವುದನ್ನು ಕಾಣುತ್ತೀರಿ. ಪ್ರಬಂಧದಲ್ಲಿ ಕರಾವಳಿ ಮತ್ತು ಗ್ರಿಡ್‌ರಹಿತ ಪ್ರದೇಶ ಎರಡನ್ನೂ ಅಕ್ಕಪಕ್ಕ ಇಟ್ಟರೆ ಸೊನ್ನೆಯ ಗೆರೆಯೇ ಒಂದು ಫಲಿತಾಂಶವಾಗುತ್ತದೆ, ಮಾರ್ಗದರ್ಶಕರೂ ಒಪ್ಪಬಹುದು.

ಕಡಲತಡಿ

ಇದು ಬಹಳ ಉಪಯುಕ್ತ. ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಎಲೆಕ್ಟ್ರೊಲೈಸರಿಗೆ ನಾನು ಕನಿಷ್ಠ ಹೊರೆ ಶೇ. 20 ಎಂದು ಕೊಟ್ಟಿದ್ದೇನೆ. ಅದನ್ನು ಬಿಟ್ಟರೆ ಮಾದರಿ ಬಹಳ ವೇಗವಾಗಿ ಓಡುತ್ತದೆ, ಬಿಡಬಹುದೇ? ಹಾಗೆಯೇ ಮೋಡದ ಅನಿಶ್ಚಿತತೆಯನ್ನು ಎಲ್ಲಿ ಸೇರಿಸಬೇಕು?

ಕ್ಷಾರಕೋಶ

ಕನಿಷ್ಠ ಹೊರೆಯನ್ನು ಬಿಡಬೇಡಿ, ಅದು ಸುರಕ್ಷತೆಯ ಮಿತಿ. ಕ್ಷಾರೀಯ ಎಲೆಕ್ಟ್ರೊಲೈಸರಿನಲ್ಲಿ ಹೊರೆ ಕಡಿಮೆಯಾದಂತೆ ಆಮ್ಲಜನಕದ ಉತ್ಪಾದನೆ ಇಳಿಯುತ್ತದೆ, ಆದರೆ ಪೊರೆಯ ಮೂಲಕ ಆ ಬದಿಗೆ ನುಸುಳುವ ಹೈಡ್ರೋಜನ್ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಆಮ್ಲಜನಕದಲ್ಲಿ ಹೈಡ್ರೋಜನ್ನಿನ ಪಾಲು ಏರುತ್ತದೆ. ಶೇ. 4ಕ್ಕೆ ಅದು ಹೊತ್ತಿಕೊಳ್ಳಬಲ್ಲ ಮಿಶ್ರಣ, ಶೇ. 2ರ ಹೊತ್ತಿಗೇ ಯಂತ್ರ ತಾನಾಗಿ ನಿಂತುಬಿಡುತ್ತದೆ. ಸೌರ ವಿದ್ಯುತ್ತನ್ನು ಹಿಂಬಾಲಿಸುವ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಮತ್ತು ಸಂಜೆಯ ಬ್ಲಾಕ್‌ಗಳಲ್ಲಿ ಇದೇ ನಿರ್ಣಾಯಕ. ಜೊತೆಗೆ ತಣ್ಣಗಿದ್ದ ಯಂತ್ರ 60ರಿಂದ 80 ಡಿಗ್ರಿಯ ತನ್ನ ಕೆಲಸದ ಉಷ್ಣತೆಗೆ ಬರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದಾದ್ದರಿಂದ, ‘ಓಡುತ್ತಿದೆ’, ‘ಬೆಚ್ಚಗೆ ಕಾದಿದೆ’, ‘ನಿಂತಿದೆ’ ಎಂಬ ಮೂರು ಸ್ಥಿತಿಗಳನ್ನು ಕೊಡಿ. ಕಾದಿರುವಾಗಲೂ ಒಂದಿಷ್ಟು ವಿದ್ಯುತ್ ಖರ್ಚಾಗುತ್ತದೆ. ನಿಮ್ಮ ಬಿಸಿನೀರಿನ ಟ್ಯಾಂಕ್ ಯಂತ್ರವನ್ನು ಬೆಚ್ಚಗಿಡಲು ನೆರವಾಗಬಹುದು, ಶಾಖದ ಸಮತೋಲನದಲ್ಲಿ ಆ ದಿಕ್ಕಿನ ಕೊಂಡಿಯನ್ನೂ ಬರೆದಿಡಿ.

ಲೋಡ್‌ಕರ್ವ್

ಮೋಡದ ವಿಷಯ. ಹಿಂದಿನ ದಿನವೇ ತೀರ್ಮಾನಿಸಬೇಕಾದದ್ದು ಯಾವುದು, ಆ ಹೊತ್ತಿನಲ್ಲಿ ಬದಲಿಸಬಹುದಾದದ್ದು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಆರ್‌ಒ ಘಟಕ ಮತ್ತು ಎಲೆಕ್ಟ್ರೊಲೈಸರ್ ಚಾಲೂ ಆಗುವ ಹೊತ್ತು ಮೊದಲ ವರ್ಗಕ್ಕೆ ಸೇರುತ್ತದೆ, ಅದು ಎಲ್ಲ ಸಂಭಾವ್ಯ ದಿನಗಳಿಗೂ ಒಂದೇ ಇರಬೇಕು. ಬ್ಯಾಟರಿ, ಗ್ರಿಡ್ ಖರೀದಿ, ಹೀಟ್ ಪಂಪ್, ಎಲೆಕ್ಟ್ರೊಲೈಸರಿನ ಹೊರೆ ಎರಡನೆಯ ವರ್ಗ, ಅವು ದಿನದಿಂದ ದಿನಕ್ಕೆ ಬೇರೆಯಾಗಬಹುದು. ಬಿಸಿಲಿನ ಹತ್ತಾರು ಸಂಭಾವ್ಯ ರೇಖೆಗಳನ್ನು ತೆಗೆದುಕೊಂಡು ಸರಾಸರಿ ವೆಚ್ಚವನ್ನು ಕನಿಷ್ಠಗೊಳಿಸಿದರೆ ಎಂ.ಟೆಕ್. ಮಟ್ಟಕ್ಕೆ ಸಾಕು. ಅದರ ಮೇಲೆ, ಪ್ರತಿ ಗಂಟೆಗೊಮ್ಮೆ ಹೊಸ ಮುನ್ಸೂಚನೆಯೊಂದಿಗೆ ಮುಂದಿನ 24 ಗಂಟೆಗಳನ್ನು ಮತ್ತೆ ಬಿಡಿಸಿ, ಮೊದಲ ಗಂಟೆಯ ಆದೇಶಗಳನ್ನು ಮಾತ್ರ ಜಾರಿ ಮಾಡುವ ಕ್ರಮವನ್ನು ಅಳವಡಿಸಿದರೆ ಉಳಿದ ತಪ್ಪುಗಳನ್ನು ಬ್ಯಾಟರಿ ನುಂಗಿಕೊಳ್ಳುತ್ತದೆ.

ಶಾಖದ ಕಡೆ ನೀರಿನ ಹರಿವು ಮತ್ತು ಉಷ್ಣತೆ ಎರಡನ್ನೂ ಚರಾಕ್ಷರಗಳನ್ನಾಗಿ ಇಡಬೇಡಿ. ಅವುಗಳ ಗುಣಲಬ್ಧ ಬಂದ ಕೂಡಲೇ ಸಮಸ್ಯೆ ರೇಖಾತ್ಮಕವಾಗಿ ಉಳಿಯುವುದಿಲ್ಲ. ಪೂರೈಕೆ 60, ವಾಪಸಾತಿ 35 ಡಿಗ್ರಿ ಎಂದು ಸ್ಥಿರಗೊಳಿಸಿ, ಟ್ಯಾಂಕನ್ನು ಯೂನಿಟ್ಟಿನ ಲೆಕ್ಕದಲ್ಲಿ ಬರೆಯಿರಿ.

ಕೊನೆಯದಾಗಿ ಸಾಲ್ವರಿನ ಸಹಿಷ್ಣುತೆಯನ್ನು ಪರಿಶೀಲಿಸಿ. ಅತ್ಯುತ್ತಮ ಉತ್ತರಕ್ಕಿಂತ ಶೇ. 1ರಷ್ಟು ದೂರದಲ್ಲಿ ನಿಲ್ಲಬಹುದು ಎಂದು ಹೇಳಿದ್ದರೆ, ದಿನದ ವೆಚ್ಚ 5,000 ರೂಪಾಯಿ ಇದ್ದಾಗ 50 ರೂಪಾಯಿಯೊಳಗಿನ ಯಾವ ವ್ಯತ್ಯಾಸವನ್ನೂ ಅದು ಲೆಕ್ಕಿಸುವುದಿಲ್ಲ. ನಿಮ್ಮ ಕರಾವಳಿಯ ದತ್ತಾಂಶದಲ್ಲಿ ಹೈಡ್ರೋಜನ್ನಿನಿಂದ ಒಂದು ದಿನಕ್ಕೆ ಆಗುವ ಲಾಭ ನಷ್ಟ ಹೆಚ್ಚಿನ ದಿನಗಳಲ್ಲಿ ಆ ಐವತ್ತರ ಒಳಗೇ ಬೀಳುತ್ತದೆ. ಸಹಿಷ್ಣುತೆಯನ್ನು ಶೇ. 0.1ಕ್ಕೆ ಇಳಿಸಿ, ತಲಕಳಲೆ ಅವರು ಹೇಳಿದ ದಿನಾಂತ್ಯದ ಬೆಲೆಯನ್ನು ಸೇರಿಸಿ, ರಜೆಯ ಒಂದು ವಾರವನ್ನು ಮೊದಲು ಓಡಿಸಿ ನೋಡಿ.